ಎಪ್ಪತ್ತನಾಲ್ಕು ಪ್ರಶ್ನೆ, ಒಂದು ಷರಾ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಸವದತ್ತಿ ತಾಲ್ಲೂಕಿನ ಒಂದು ಹಳ್ಳಿ, ಕೆಳಗಿನ ಓಣಿಯ ಕೊನೆಯ ಮನೆ. ನಾನು ಕಟ್ಟೆಯ ಮೇಲೆ ಕೂತಿದ್ದೇನೆ. ಒಳಗೆ ಅಡುಗೆಮನೆಯಿಂದ ಜೋಳದ ರೊಟ್ಟಿ ಬಡಿಯುವ ಸದ್ದು ಪಟಪಟ ಬರುತ್ತಿದೆ. ಅಲ್ಲಿ ಒಲೆಯ ಮುಂದೆ ಕಾಲು ಮಡಚಿ ಕೂತು ಸಿದ್ದಲಿಂಗವ್ವ ಆ ಮನೆಯ ಸೊಸೆಯ ಜತೆ ಮಾತಾಡುತ್ತಿದ್ದಾರೆ. ಏನು ಮಾತು ಎಂಬುದು ನನಗೆ ಕೇಳಿಸುವುದಿಲ್ಲ. ನನ್ನ ಪಕ್ಕದಲ್ಲಿರುವ ಸೊಸೆಯ ಮಾವನಿಗೂ ಕೇಳಿಸುವುದಿಲ್ಲ. ಅವರ ಪಕ್ಕ ಕೂತು ಮೊಬೈಲು ತಿಕ್ಕುತ್ತಿರುವ ಅವರ ತಮ್ಮನ ಮಗ ನಿಂಗರಾಜನಿಗೂ ಕೇಳಿಸುವುದಿಲ್ಲ. ಯಾರಿಗೂ ಕೇಳಿಸಬಾರದು ಎಂದೇ ಸಿದ್ದಲಿಂಗವ್ವ ಈ ಹೊತ್ತನ್ನು ಆರಿಸಿಕೊಂಡಿದ್ದಾರೆ.

ಆ ಸದ್ದು ನಿಂತಾಗೆಲ್ಲ ನಾನು ಬಾಗಿಲ ಕಡೆ ನೋಡುತ್ತೇನೆ. ರೊಟ್ಟಿಯನ್ನು ಹೆಂಚಿಗೆ ಹಾಕುವಾಗ ಬಡಿತ ನಿಲ್ಲಲೇಬೇಕಲ್ಲ. ಆಗ ಒಳಗಿನ ಮಾತೂ ನಿಲ್ಲುತ್ತದೆ. ಮುಂದಿನ ಉಂಡೆ ಕೈಗೆ ಬಂದು ಬಡಿತ ಶುರುವಾದ ಮೇಲೆ ಮಾತೂ ಮುಂದುವರಿಯುತ್ತದೆ. ಅವರಿಗೆ ಇದು ಹದಿನೆಂಟು ವರ್ಷದ ರೂಢಿ. ನನಗೆ ಮೊದಲ ದಿನ. ನನಗೆ ಒಪ್ಪಿಸಿರುವ ಕೆಲಸ ಒಂದೇ, ಗಂಡಸರನ್ನು ಹೊರಗೆ ಮಾತಿನಲ್ಲಿ ಹಿಡಿದಿಡುವುದು.

"ನೀವು ಆಫೀಸಿನ ಸಾಹೇಬರ ಗತೆ ಕುಂದ್ರಿ" ಎಂದು ಬಸ್ಸಿನಲ್ಲೇ ಪಾಠ ಹೇಳಿಕೊಟ್ಟಿದ್ದರು. "ಮಳಿ ಹೆಂಗಾತು ಕೇಳ್ರಿ, ಹತ್ತಿ ಹೆಂಗೈತಿ ಕೇಳ್ರಿ. ನಿಂಗರಾಜನ ಮಾರಿ ಮಾತ್ರ ಜಾಸ್ತಿ ನೋಡಬ್ಯಾಡ್ರಿ. ನಿಮ್ಮ ಮಾರಿ ಮ್ಯಾಗ ಎಲ್ಲಾ ಕಾಣಸತೈತಿ."

ಸಿದ್ದಲಿಂಗವ್ವನವರಿಗೆ ಈಗ ಐವತ್ತೊಂದು. ಊರು ಬೈಲಹೊಂಗಲ. ಕೆಲಸ, ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುವುದು. ನಮ್ಮ ಹಳ್ಳಿಗಳಲ್ಲಿ ಎಷ್ಟು ಹೆಂಗಸರ ಕೈಗೆ ಫೋನು ಬಂದಿದೆ, ಅದರಲ್ಲಿ ಎಷ್ಟು ಮಂದಿ ನೆಟ್ ಬಳಸುತ್ತಾರೆ, ಏನು ನೋಡುತ್ತಾರೆ, ನೋಡಲು ಯಾರ ಅಪ್ಪಣೆ ಬೇಕು ಎಂದೆಲ್ಲ ಲೆಕ್ಕ ಹಾಕುವ ಸಂಶೋಧನಾ ಸಂಸ್ಥೆಗಳು ದೂರದ ನಗರಗಳಲ್ಲಿವೆ. ಅವುಗಳ ವರದಿ ಬಂದಾಗ ನಾವು ಪತ್ರಿಕೆಯವರು 'ಅಧ್ಯಯನವೊಂದರ ಪ್ರಕಾರ' ಎಂದು ಶುರುಮಾಡಿ ಸುದ್ದಿ ಬರೆಯುತ್ತೇವೆ. ನಾನೂ ಎಷ್ಟೋ ಸಲ ಬರೆದಿದ್ದೇನೆ. ಆ ಅಧ್ಯಯನಕ್ಕೆ ಎರಡು ಕಾಲಿವೆ, ಅದರಲ್ಲಿ ಬಲಗಾಲಿನ ಮಂಡಿ ನೋಯುತ್ತದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಿದ್ದಲಿಂಗವ್ವ ಎಂಬುದು ಅವರ ನಿಜವಾದ ಹೆಸರಲ್ಲ. ಈ ಬರಹದಲ್ಲಿ ಬರುವ ಸೊಸೆಯ ತವರೂರು ಅವಳ ತವರೂರಲ್ಲ, ನಿಂಗರಾಜ ಆ ಮನೆಗೆ ಆಗಬೇಕಾದದ್ದು ಬೇರೆ ರೀತಿ, ಮುಂದೆ ಬರುವ ಹಿಟ್ಟಿನ ಡಬ್ಬಿಯೂ ಹಿಟ್ಟಿನ ಡಬ್ಬಿಯಲ್ಲ. ಕರಡನ್ನು ಸಿದ್ದಲಿಂಗವ್ವನೇ ಓದಿ ಎಂಟು ಸಾಲು ಹೊಡೆದು ಹಾಕಿದರು. ಒಳ್ಳೆಯ ಸಾಲುಗಳೇ ಆಗಿದ್ದವು ಅವು, ಹೊಟ್ಟೆ ಉರಿಯಿತು. ಫೋಟೋಕ್ಕೂ ಒಪ್ಪಲಿಲ್ಲ. ನಮ್ಮ ಫೋಟೋಗ್ರಾಫರ್ ಅವರ ಮನೆಯ ಮುಂದಿನ ಹಿಟ್ಟಿನ ಗಿರಣಿಯ ಹತ್ತಿರ ಚಹಾ ಕುಡಿದು ಬರಿಗೈಯಲ್ಲಿ ವಾಪಸಾದ.

"ಎಲೆಮರೆಯ ಕಾಯಿ ಅಂತ ಬರಿಯೂದು ನೀವ, ಎಲಿ ಸರಸಾಕ ಬರೂದೂ ನೀವ" ಎಂದು ನಕ್ಕರು. "ಎಲಿ ಇದ್ದಂಗ ಇರಲಿ ಬಿಡ್ರಿ."

ಗಿರಣಿ ಅವರ ಗಂಡ ಗಂಗಪ್ಪನವರದು. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಗಿರಣಿಯ ಗದ್ದಲದ ಮೇಲೆ ದನಿ ಎತ್ತಿ ಮಾತಾಡುವ ಮನುಷ್ಯ. "ನಾ ಜ್ವಾಳ ಬೀಸತೇನಿ, ಆಕಿ ಮಂದಿ ಮಾತ ಬೀಸತಾಳ. ನನ್ನ ಹಿಟ್ಟ ಊರಿಗೆ ಹೊಕ್ಕೈತಿ, ಆಕಿ ಹಿಟ್ಟ ದಿಲ್ಲಿಗೆ ಹೊಕ್ಕೈತಿ" ಎಂದು ಹೆಂಡತಿಯನ್ನು ಕಾಡಿಸುತ್ತಾರೆ. ಹೆಂಡತಿ ಈಗೀಗ ಆ ಮಾತಿಗೆ ನಗುತ್ತಿಲ್ಲ ಎಂಬುದು ಅವರ ಗಮನಕ್ಕೂ ಬಂದಿದೆ. "ಹನ್ನೆರಡು ದಿನಾತ್ರಿ, ಸರಿಯಾಗಿ ಉಣ್ಣವಲ್ಲಳು" ಎಂದು ನನ್ನನ್ನು ಬದಿಗೆ ಕರೆದು ಹೇಳಿದರು. ಕಾರಣ ಅವರಿಗೂ ಪೂರ್ತಿ ಗೊತ್ತಿಲ್ಲ. ಮಂದಿಯ ಮನೆಯ ಮಾತನ್ನು ಸಿದ್ದಲಿಂಗವ್ವ ಗಂಡನಿಗೂ ಹೇಳುವವರಲ್ಲ.

ಪಿಯುಸಿ ಮುಗಿಸಿ ಮದುವೆಯಾಗಿ ಬಂದವರು. ಮೊದಲು ಮಾಡಿದ್ದು ಟಿವಿ ಸಮೀಕ್ಷೆ. ಆಮೇಲೆ ಶೌಚಾಲಯ, ಆಮೇಲೆ ಪಡಿತರ, ಆಮೇಲೆ ಹೆರಿಗೆ. ಈಗ ಆರು ವರ್ಷದಿಂದ ಫೋನು ಮತ್ತು ಇಂಟರ್ನೆಟ್ಟು. ಹಿಂದೆಲ್ಲ ಚೀಲದ ತುಂಬ ಕಾಗದ ಹೊರುತ್ತಿದ್ದರು. ಈಗ ಒಂದು ಟ್ಯಾಬ್, ಅದರೊಳಗೆ ಎಪ್ಪತ್ತನಾಲ್ಕು ಪ್ರಶ್ನೆ. ಒಂದು ಮನೆಗೆ ನಲವತ್ತು ನಿಮಿಷ, ದಿನಕ್ಕೆ ಐದು ಮನೆ. ಈ ಸಲದ ಸುತ್ತಿನಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ತಾಲ್ಲೂಕು ತಿರುಗಿ ಐದು ತಿಂಗಳಲ್ಲಿ ಆರುನೂರ ಹನ್ನೆರಡು ಹೆಂಗಸರನ್ನು ಮಾತಾಡಿಸಿದ್ದಾರೆ.

ತಿರುಗಾಟ ಸುಲಭದ್ದಲ್ಲ. ಪಡಿತರ ಚೀಟಿ ರದ್ದು ಮಾಡಲು ಬಂದವಳು ಎಂದುಕೊಂಡು ಎಷ್ಟೋ ಮನೆಯವರು ಬಾಗಿಲು ಹಾಕುತ್ತಾರೆ. "ನಾ ಒಳಗ ಕಾಲಿಟ್ಟ ಕೂಡ್ಲೆ ಫ್ರಿಜ್ಜಿನ ಮ್ಯಾಗ ಚಾದರ ಬೀಳತೈತ್ರಿ" ಎನ್ನುತ್ತಾರೆ. ನಾಯಿ ಎರಡು ಸಲ ಕಚ್ಚಿದೆ. ಪರಊರಿನಲ್ಲಿ ಯಾರ ಮನೆಯ ಶೌಚಾಲಯ ಕೇಳುವುದು ಎಂಬ ಸಂಕೋಚಕ್ಕೆ ಮಧ್ಯಾಹ್ನದವರೆಗೆ ಹನಿ ನೀರು ಕುಡಿಯುವುದಿಲ್ಲ. ಶೌಚಾಲಯದ ಸಮೀಕ್ಷೆ ಮಾಡಿದ ವರ್ಷವೂ ಹೀಗೇ ಇತ್ತು ಎಂದು ಹೇಳಿ ತಾವೇ ನಗುತ್ತಾರೆ.

ಟ್ಯಾಬಿನಲ್ಲಿರುವ ಕನ್ನಡವೋ, ದೇವರೇ ಕಾಪಾಡಬೇಕು. 'ಕಳೆದ ಏಳು ದಿನಗಳಲ್ಲಿ ತಾವು ಅಂತರ್ಜಾಲವನ್ನು ಎಷ್ಟು ಅವಧಿಗೆ ಬಳಸಿರುವಿರಿ?' ಎಂದು ಅದು ಕೇಳುತ್ತದೆ. ಹೆಂಗಸರು ಬಳಸಿಲ್ಲ ಎನ್ನುತ್ತಾರೆ. ನೆಟ್ ನೋಡುತ್ತೀರಾ ಎಂದರೂ ಇಲ್ಲ ಎಂದೇ ಉತ್ತರ. "ನೆಟ್ ಗಿಟ್ ಏನಿಲ್ರೆವ್ವ, ಬರೇ ರೀಲ್ಸ್ ನೋಡತೇನಿ ಅಂತಾರ" ಎನ್ನುತ್ತಾರೆ ಸಿದ್ದಲಿಂಗವ್ವ. "ಹಂಗ ಬರಕೊಂಡ ಹೋದ್ರ ಈ ಕಡೆ ಹೆಣ್ಮಕ್ಳು ನೆಟ್ ನೋಡೂದ ಇಲ್ಲ ಅಂತ ದೊಡ್ಡ ಮಂದಿ ಪುಸ್ತಕ ಬರೀತಾರ. ಅದಕ್ಕ ನಾ ಕೇಳೂ ರೀತಿನ ಬ್ಯಾರೆ. ನಿನ್ನಿ ಕಡೀಗೆ ನೋಡಿದ್ದು ಏನ ಹೇಳು ತಂಗಿ ಅಂತೇನಿ. ತಾನ ಬಾಯಿ ಬಿಡತಾರ."

ಬಾಯಿ ಬಿಡಬೇಕಾದರೆ ಪಕ್ಕದಲ್ಲಿ ಯಾರೂ ಇರಬಾರದು. 'ಸಂದರ್ಶನವನ್ನು ಏಕಾಂತದಲ್ಲಿ ನಡೆಸತಕ್ಕದ್ದು' ಎಂದು ನಿಯಮವೇ ಇದೆ. ನಿಯಮ ಬರೆದವರು ನಮ್ಮ ಕಡೆಯ ತುಂಬಿದ ಮನೆ ನೋಡಿದಂತಿಲ್ಲ. ಸೊಸೆಯನ್ನು ಕೇಳಿದ ಪ್ರಶ್ನೆಗೆ ಅತ್ತೆ ಉತ್ತರ ಕೊಡುತ್ತಾರೆ, ಅತ್ತೆ ತಡವರಿಸಿದರೆ ಮಾವ ಕೊಡುತ್ತಾರೆ, ಗಂಡ ಬಂದರೆ ಎಲ್ಲರೂ ಸುಮ್ಮನಾಗುತ್ತಾರೆ. ಮನೆಯಲ್ಲಿ ಹೆಣ್ಣುಮಗಳ ಹತ್ತಿರ ಯಾರೂ ಸುಳಿಯದ ಹೊತ್ತು ಒಂದೇ, ಬೆಳಗಿನ ರೊಟ್ಟಿಯ ಹೊತ್ತು. ಹೊಗೆ ಇರುತ್ತದೆ, ಸದ್ದಿರುತ್ತದೆ, ಕೆಲಸಕ್ಕೆ ಕರೆದಾರು ಎಂಬ ಹೆದರಿಕೆಯೂ ಇರುತ್ತದೆ. ಹೀಗಾಗಿ ಸೂಕ್ಷ್ಮದ ಪ್ರಶ್ನೆಗಳನ್ನೆಲ್ಲ ಸಿದ್ದಲಿಂಗವ್ವ ಒಲೆಯ ಮುಂದೆಯೇ ಕೇಳುತ್ತಾರೆ.

ಇದರಿಂದ ಒಮ್ಮೆ ಕೆಲಸವೇ ಹೋಗುವುದರಲ್ಲಿತ್ತು. ಕೇಳುವವರು ನಿಜವಾಗಿ ಕೇಳುತ್ತಾರೋ ಇಲ್ಲವೋ ಎಂದು ತಿಳಿಯಲು ಟ್ಯಾಬು ಅಲ್ಲೊಂದು ಇಲ್ಲೊಂದು ತುಣುಕು ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತದೆ. ಇವರು ಕಳಿಸಿದ್ದರಲ್ಲಿ ಬರೀ ಪಟಪಟ ಸದ್ದು. ಮೋಸ ಎಂದು ನಗರದ ಕಚೇರಿಯಿಂದ ನೋಟಿಸು ಬಂತು. ಸಿದ್ದಲಿಂಗವ್ವ ಫೋನು ಮಾಡಿ, ಒಂದು ದಿನ ಬಂದು ರೊಟ್ಟಿ ತಿಂದು ಹೋಗಿ, ಆಮೇಲೆ ಕೆಲಸದಿಂದ ತೆಗೆಯಿರಿ ಎಂದರಂತೆ. ಒಬ್ಬ ಮೇಡಂ ನಿಜಕ್ಕೂ ಬಂದರು, ತಿಂದರು, ನೋಟಿಸು ಹಿಂತೆಗೆದುಕೊಂಡರು.

ಇಷ್ಟು ಜಾಣತನವಿದ್ದವರು ತಪ್ಪು ಮಾಡಿದ್ದಾದರೂ ಹೇಗೆ? ಕಾಳಜಿಯಿಂದಲೇ ಮಾಡಿದರು.

ಪ್ರತಿ ಹತ್ತು ಮನೆಗೊಂದರಂತೆ ಕಚೇರಿಯ ಇನ್ನೊಬ್ಬರು ಮತ್ತೆ ಹೋಗಿ, ಉತ್ತರ ಸರಿಯಿದೆಯೇ ಎಂದು ಕೇಳಿ ಬರುತ್ತಾರೆ. ಆ ಮನೆ ಸಿಗುವುದು ಹೇಗೆ? ಹಳ್ಳಿಯಲ್ಲಿ ಮನೆಗೆ ನಂಬರಿಲ್ಲ. ಸೊಸೆಯ ಹೆಸರು ಹಿಡಿದು ಕೇಳಿದರೆ ಓಣಿಯವರೇ ಮುಖ ಮುಖ ನೋಡುತ್ತಾರೆ. ಈ ಕಡೆ ಸೊಸೆಯಂದಿರನ್ನು ಅವರ ತವರೂರಿನಿಂದಲೇ ಗುರುತಿಸುವುದು. ಮನೋಳಿಯಿಂದ ಬಂದವಳು ಮನೋಳ್ಯಾಕಿ, ತೊರಗಲ್ಲಿನಿಂದ ಬಂದವಳು ತೊರಗಲ್ಲಾಕಿ. ಸಾಯುವವರೆಗೂ ಹಾಗೆಯೇ ಕರೆಯುತ್ತಾರೆ, ಸತ್ತ ಮೇಲೂ ತೊರಗಲ್ಲಾಕಿಯ ಮಗ ಎಂದೇ ಮಗನನ್ನು ಗುರುತಿಸುತ್ತಾರೆ. ಆದ್ದರಿಂದ ಸಿದ್ದಲಿಂಗವ್ವ ಪ್ರಶ್ನಾವಳಿಯ ಕೊನೆಯಲ್ಲಿರುವ ಷರಾ ಎಂಬ ಖಾಲಿ ಜಾಗದಲ್ಲಿ ಆಮೇಲೆ ಬರುವವರಿಗಾಗಿ ಗುರುತು ಬರೆಯುತ್ತಾರೆ. ಈ ಮನೆಯ ಸೊಸೆಯ ಬಗ್ಗೆ ಬರೆದದ್ದು ಇಷ್ಟು: 'ತೊರಗಲ್ಲಾಕಿ. ಕೆಳಗಿನ ಓಣಿ ಕಡೀ ಮನಿ. ಎರಡನೇ ಫೋನ್ ಹಿಟ್ಟಿನ ಡಬ್ಬ್ಯಾಗ. ಗಂಡಗ ಗೊತ್ತಿಲ್ಲ. ಮಂದಿ ಮುಂದ ಕೇಳಬ್ಯಾಡ್ರಿ.'

ಕೇಳಬೇಡಿ ಎನ್ನುವುದಕ್ಕಾಗಿಯೇ ಬರೆದ ಸಾಲು ಅದು.

ಆ ಎರಡನೇ ಫೋನು ಹಳೆಯ ಬಟನ್ ಫೋನು. ಅದರಲ್ಲಿ ನೆಟ್ಟೂ ಇಲ್ಲ, ರೀಲ್ಸೂ ಇಲ್ಲ. ಸೊಸೆಗೆ ಒಬ್ಬಳು ಅಕ್ಕ ಇದ್ದಾಳೆ. ಮನೆಯವರು ಒಪ್ಪದ ಮದುವೆ ಮಾಡಿಕೊಂಡು ದೂರದ ಊರಿಗೆ ಹೋದವಳು. ನಾಲ್ಕು ವರ್ಷವಾಯಿತು. ತವರಿನಲ್ಲೂ ಅವಳ ಹೆಸರು ಎತ್ತುವಂತಿಲ್ಲ, ಗಂಡನ ಮನೆಯಲ್ಲೂ ಎತ್ತುವಂತಿಲ್ಲ. ಅವಳ ಜತೆ ಮಾತಾಡಿದ್ದು ಗೊತ್ತಾದರೆ ನೀನೂ ಅವಳ ದಾರಿ ಹಿಡಿ ಎಂದು ಗಂಡ ಕಡ್ಡಿ ಮುರಿದಂತೆ ಹೇಳಿದ್ದಾನೆ. ವಾರಕ್ಕೊಮ್ಮೆ ಹಿತ್ತಲಲ್ಲಿ ಎಮ್ಮೆ ಮೈ ತೊಳೆಯುವಾಗ ಹತ್ತು ನಿಮಿಷ, ಅಷ್ಟೇ ಆ ಅಕ್ಕತಂಗಿಯರ ಸಂಬಂಧ. ಡಬ್ಬಿಯಲ್ಲಿರುವುದು ಇದು.

ಹನ್ನೆರಡು ದಿನದ ಹಿಂದೆ ಬೈಲಹೊಂಗಲದ ಒಂದು ಸಭಾಂಗಣದಲ್ಲಿ ನಾಲ್ಕೂ ತಾಲ್ಲೂಕಿನ ಮೂವತ್ತನಾಲ್ಕು ಸಮೀಕ್ಷಕರನ್ನು ಸೇರಿಸಿ ಸಂಸ್ಥೆಯವರು ತರಬೇತಿ ಇಟ್ಟುಕೊಂಡಿದ್ದರು. ಮೈಸೂರು ಕಡೆಯ ಒಬ್ಬ ತರುಣ ಗೋಡೆಯ ಮೇಲಿನ ಪರದೆಯಲ್ಲಿ ಉದ್ದನೆಯ ಪಟ್ಟಿ ತೋರಿಸಿದ. ನಿಮ್ಮೆಲ್ಲರ ಶ್ರಮ ಇದು, ಇನ್ನೊಂದು ವಾರದಲ್ಲಿ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಮುಕ್ತವಾಗುತ್ತದೆ, ಜಗತ್ತಿನ ಯಾವ ಸಂಶೋಧಕರು ಬೇಕಾದರೂ ನೋಡಬಹುದು, ಹೆಸರು ಮತ್ತು ಫೋನ್ ನಂಬರು ಎಲ್ಲ ತೆಗೆದಿದ್ದೇವೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲವರು ಫೋಟೋ ಹೊಡೆದುಕೊಂಡರು. ಪಟ್ಟಿಯ ಮೇಲೆ ಹಳ್ಳಿಯ ಹೆಸರಿತ್ತು. ಬಲಗಡೆಯ ಕೊನೆಯ ಅಂಕಣದಲ್ಲಿ ಷರಾ ಇತ್ತು. ಮೇಲಿನಿಂದ ಎಂಟನೆಯದು ಸಿದ್ದಲಿಂಗವ್ವ ತಾವೇ ಬರೆದದ್ದು.

"ನಾ ಬರದಿದ್ದ ಗ್ವಾಡಿ ಮ್ಯಾಗ ಬಂದಿತ್ರಿ" ಎನ್ನುತ್ತಾರೆ. "ಎದ್ದ ನಿಂತು ಅದನ್ನ ತಗೀರಿ ಅಂತ ಒದರಬೇಕಿತ್ತು. ಒದರಿದ್ರ ಎಲ್ಲಾರೂ ಅದನ್ನ ಓದತಾರಲ್ಲ? ಚಾ ಕೊಡೂ ತನಕ ಅರ್ಧ ತಾಸು ಸುಮ್ನ ಕುಂತೆ. ಸುಮ್ನ ಕುಂತಿದ್ದು ಸರಿನೋ ತಪ್ಪೋ ಇವತ್ತಿಗೂ ತಿಳಿವಲ್ತು."

ಚಹದ ಹೊತ್ತಿಗೆ ಆ ತರುಣನನ್ನು ಮೂಲೆಗೆ ಕರೆದು ಹೇಳಿದರು. ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. "ತೊರಗಲ್ಲು ಊರಿನ ಹೆಸರಲ್ವಾ ಮೇಡಂ? ವ್ಯಕ್ತಿಗಳ ಹೆಸರೆಲ್ಲ ತೆಗೆದಿದೀವಲ್ಲ?" ಎಂದನಂತೆ. ಹೆಸರು ಹುಡುಕಿ ತೆಗೆಯುವ ಅವನ ಯಂತ್ರಕ್ಕೂ ಅದು ಊರಾಗಿಯೇ ಕಂಡಿತ್ತು. ಬಿಡಿಸಿ ಹೇಳಿದ ಮೇಲೆ ಪಟ್ಟಿ ತೆರೆದು ಆ ಸಾಲನ್ನು ಮತ್ತೆ ಓದಿದ. ಅವನನ್ನು ದೂರುವಂತಿಲ್ಲ, ಅಂದೇ ಮಧ್ಯಾಹ್ನ ಷರಾ ಇದ್ದ ಅಷ್ಟೂ ಭಾಗ ಪಟ್ಟಿಯಿಂದ ಹೋಯಿತು, ಬಿಡುಗಡೆಯೂ ಮುಂದಕ್ಕೆ ಹೋಯಿತು.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಆ ಪರದೆಯ ಫೋಟೋವನ್ನು 'ತರಬೇತಿಯ ಸವಿನೆನಪು' ಎಂದು ಬರೆದು ಸಮೀಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದರು.

ಸಿದ್ದಲಿಂಗವ್ವ ಅದನ್ನು ಕಂಡಾಗ, ಹಾಕಿ ಹತ್ತೊಂಬತ್ತು ನಿಮಿಷವಾಗಿತ್ತು. ಫೋಟೋ ಹಾಕಿದ ಹೆಣ್ಣುಮಗಳು ಅಲ್ಲೇ ಎದುರಿಗಿದ್ದಳು. ಅಳಿಸು ಎಂದಿದ್ದರೆ ಆ ಕ್ಷಣವೇ ಅಳಿಸುತ್ತಿದ್ದಳು. ಇವರು ಹಾಗೆ ಹೇಳಲಿಲ್ಲ. ಯಾರ್ಯಾರು ನೋಡಿದ್ದಾರೆ ತೋರಿಸು ಎಂದು ಅವಳ ಫೋನು ಇಸಿದುಕೊಂಡು, ಚೀಲದಿಂದ ವಹಿ ತೆಗೆದು, ಹೆಸರುಗಳನ್ನು ಒಂದೊಂದಾಗಿ ಬರೆದುಕೊಳ್ಳತೊಡಗಿದರು. ಮೊದಲು ಬರೆದುಕೊಳ್ಳಬೇಕು, ಮುಂದಿನ ಮಾತು ಆಮೇಲೆ. ಹದಿನೆಂಟು ವರ್ಷ ಮೈಗೆ ಅಂಟಿದ ಚಟ. ಇಪ್ಪತ್ತೈದು ಹೆಸರು ಬರೆಯಲು ನಾಲ್ಕು ನಿಮಿಷ ಹಿಡಿಯಿತು. ಆ ನಾಲ್ಕು ನಿಮಿಷದಲ್ಲಿ ಇನ್ನೊಂದು ಹೆಸರು ಸೇರಿಕೊಂಡಿತು. ಇಪ್ಪತ್ತಾರನೆಯ ಹೆಸರು ನಿಂಗರಾಜನದು.

ನಿಂಗರಾಜನೂ ಸಮೀಕ್ಷಕ. ಸ್ವಂತ ಊರಿನಲ್ಲಿ ಕೆಲಸ ಕೊಡುವುದಿಲ್ಲವೆಂಬ ನಿಯಮವಿರುವುದರಿಂದ ಅವನಿಗೆ ರಾಮದುರ್ಗದ ಹಳ್ಳಿಗಳು ಬಿದ್ದಿದ್ದವು. ಸ್ವಂತ ಊರು ಇದೇ. ತೊರಗಲ್ಲಾಕಿಯ ಗಂಡನಿಗೆ ಅವನು ಕಾಕಾನ ಮಗ. ಮಗ್ಗುಲ ಮನೆ.

"ಅಳಸು ಅಂದಿದ್ರ ಅವ ನೋಡತಿದ್ದಿಲ್ರಿ" ಎಂದು ಸಿದ್ದಲಿಂಗವ್ವ ನನಗೆ ಹೇಳಿದ್ದು ಗಿರಣಿ ಬಂದಾಗಿ ಸದ್ದಡಗಿದ ಮೇಲೆ. ಈ ಒಂದು ಮಾತನ್ನು ಮೂರು ಸಲ ಹೇಳಿದರು. ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ. ಆ ಹೊತ್ತಿನಲ್ಲಿ ಬರೆದುಕೊಳ್ಳುವುದು ನನಗೂ ಅಸಹ್ಯವೆನಿಸಿತು.

ಮುಂದಿನ ಹನ್ನೊಂದು ದಿನ ಅವರು ಮಾಡಿದ್ದು ಇನ್ನೊಂದು ಸಮೀಕ್ಷೆ. ಇಪ್ಪತ್ತಾರು ಮಂದಿಗೂ ಫೋನು ಹಚ್ಚಿದರು, ಹತ್ತಿರದವರ ಮನೆಗೆ ತಾವೇ ಹೋದರು. ಆ ಫೋಟೋ ಅಳಿಸಿ ಎಂದು ಕೇಳಬೇಕು, ಯಾಕೆ ಎಂದು ಹೇಳುವಂತಿಲ್ಲ. ಹೇಳಿದರೆ ನೋಡದವರೂ ನೋಡುತ್ತಾರೆ. ಅದಕ್ಕೊಂದು ನೆವ ಹುಡುಕಿದರು. "ಅದರಾಗ ನನ್ನ ಮಾರಿ ಚಲೋ ಬಂದಿಲ್ಲ, ಒಂದ ಸ್ವಲ್ಪ ಅಳಸ್ರಿ" ಎಂದರು. ಐವತ್ತೊಂದು ವರ್ಷದ ಸಿದ್ದಕ್ಕನಿಗೆ ಈಗ ಚೆಂದ ಕಾಣುವ ಆಸೆ ಬಂತು ಎಂದು ಎಲ್ಲರೂ ನಕ್ಕು ಅಳಿಸಿದರು. ನಿಂಗರಾಜನೊಬ್ಬ ನಗಲಿಲ್ಲ. "ಹೂಂ ಅಕ್ಕಾರ" ಎಂದು ಫೋನಿಟ್ಟ.

ಸೊಸೆಗೆ ಎಚ್ಚರಿಕೆ ಹೇಳಲೇಬೇಕಿತ್ತು. ಸಮೀಕ್ಷೆ ಮುಗಿದ ಮನೆಗೆ ಮತ್ತೆ ಹೋಗಕೂಡದು ಎಂಬುದು ಸಂಸ್ಥೆಯ ನಿಯಮ. ನಾವೇ ಯೋಚಿಸುತ್ತೇವೆ, ನೀವು ಅವಸರ ಮಾಡಬೇಡಿ ಎಂದು ಅಲ್ಲಿಂದ ಪತ್ರವೂ ಬಂತು. ಅವರು ಯೋಚಿಸುತ್ತಿರುವಾಗಲೇ ನಾನು ಲೇಖನ ಬರೆಯುತ್ತೇನೆಂದು ಗಿರಣಿಯ ಮುಂದೆ ಹೋಗಿ ನಿಂತದ್ದು. ಸಿದ್ದಲಿಂಗವ್ವ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ನಿಮಗ ಸಾಹೇಬರ ವೇಷ ಒಪ್ಪತೈತಿ" ಎಂದರು. ಹಾಗೆ ನಾನು ಈ ಕಟ್ಟೆಗೆ ಬಂದೆ. ಸುಳ್ಳು ಹೇಳಿಕೊಂಡು ಒಬ್ಬರ ಮನೆಯ ಮುಂದೆ ಕೂರುವುದು ಪತ್ರಕರ್ತನ ಧರ್ಮವಲ್ಲ, ಗೊತ್ತಿದೆ. ಸಂಪಾದಕರು ಇದನ್ನು ಓದಿದಾಗ ನನ್ನನ್ನು ಕರೆದು ಕೇಳಲಿ, ಉತ್ತರ ಕೊಡುತ್ತೇನೆ.

"ಸಾಹೇಬ್ರ" ಎನ್ನುತ್ತಾನೆ ನಿಂಗರಾಜ ಈಗ. "ಈ ಮನಿ ಸರ್ವೇ ಮುಗದಿತ್ತಲ್ರಿ? ಅಕ್ಕಾರು ಮತ್ತ ಯಾಕ ಬಂದಾರ?"

ಮರುಪರಿಶೀಲನೆ ಎನ್ನುತ್ತೇನೆ, ದನಿಗೆ ಸಾಧ್ಯವಾದಷ್ಟು ಸರ್ಕಾರಿ ಗತ್ತು ತಂದುಕೊಂಡು.

"ಮರುಪರಿಶೀಲನಾಕ್ಕ ಮೊದಲ ಬರಕೊಂಡವರ ಬರಂಗಿಲ್ಲಲ್ರಿ. ಬ್ಯಾರೆದವರು ಬರಬೇಕು. ಹಂಗಂದ್ರ ನೀವ ಒಳಗ ಹೋಗಬೇಕಿತ್ತು."

ನಿಯಮ ನನಗಿಂತ ಅವನಿಗೆ ಚೆನ್ನಾಗಿ ಗೊತ್ತು. ಪುಣ್ಯಕ್ಕೆ ಮಾವನವರೇ ನೆರವಿಗೆ ಬರುತ್ತಾರೆ. "ಒಲಿ ಮುಂದ ಗಂಡಸರು ಹೋಗಿ ಕುಂದರತಾರೇನಲೇ? ಹೆಣಮಕ್ಕಳ ಮಾತು, ಹೆಣಮಕ್ಕಳ ಆಡ್ಲಿ ಬಿಡು." ಒಳಗೆ ಬಡಿತ ನಿಂತಿದೆ. ಈ ಸಲ ಬಹಳ ಹೊತ್ತು ನಿಂತಿದೆ. ನಾನು ಹತ್ತಿಯ ಬಗ್ಗೆ ಕೇಳುತ್ತೇನೆ, ಎರಡನೇ ಸಲ ಕೇಳುತ್ತಿದ್ದೇನೆ ಎಂಬುದು ಕೇಳಿದ ಮೇಲೆ ಹೊಳೆಯುತ್ತದೆ. ಮಾವ ತಾಳ್ಮೆಯಿಂದ ಇನ್ನೊಮ್ಮೆ ಹೇಳತೊಡಗುತ್ತಾರೆ. ಅವರ ಮಾತಿನ ನಡುವೆ ಬಡಿತ ಮತ್ತೆ ಶುರುವಾಗುತ್ತದೆ, ಮೊದಲಿಗಿಂತ ಜೋರಾಗಿ.

ನಿಂಗರಾಜ ಮೊಬೈಲಿನಲ್ಲಿ ಫೋಟೋಗಳನ್ನು ಸರಿಸುತ್ತಿದ್ದಾನೆ. ಸಭಾಂಗಣ ಬಂತು, ಚಹದ ಲೋಟ ಹಿಡಿದ ಹೆಂಗಸರು ಬಂದರು. ನೋಡಬೇಡಿ ಎಂದಿದ್ದರು, ಆದರೂ ನೋಡುತ್ತೇನೆ. ಅವನು ಒಂದು ಕಡೆ ಬೆರಳು ನಿಲ್ಲಿಸುತ್ತಾನೆ.

"ಅಕ್ಕಾರು ಫೋನ್ ಮಾಡಿ, ತಮ್ಮ ಮಾರಿ ಚಲೋ ಬಂದಿಲ್ಲ, ಅಳಸು ಅಂದ್ರು" ಎನ್ನುತ್ತಾನೆ ತಣ್ಣಗೆ. "ನಾ ಎಷ್ಟ ದೊಡ್ಡದ ಮಾಡಿ ಹುಡುಕಿದ್ರೂ ಇದರಾಗ ಅವರ ಮಾರೀನ ಇಲ್ಲರಿ ಸಾಹೇಬ್ರ. ಬರೇ ಪರದೆ ಐತಿ."

ಇಪ್ಪತ್ತೈದು ಮಂದಿಯ ಮುಂದೆ ನಡೆದ ನೆವ ಇವನ ಮುಂದೆ ತಿರುಗಿ ಬಿದ್ದಿದೆ. ಅಳಿಸಿ ಎಂದದ್ದಕ್ಕೇ ಇವನು ಅದನ್ನು 'ದೊಡ್ಡದು ಮಾಡಿ' ನೋಡಿದ್ದಾನೆ. ಎಂಟನೇ ಸಾಲು ಓದಿದೆಯಾ ಎಂದು ಕೇಳಲು ನನಗೆ ಧೈರ್ಯವಿಲ್ಲ. ಅವನೂ ಹೇಳುವುದಿಲ್ಲ. ಅಡುಗೆಮನೆಯ ಕಡೆ ಒಮ್ಮೆ ನೋಡುತ್ತಾನೆ, ನನ್ನ ಕಡೆ ಒಮ್ಮೆ ನೋಡುತ್ತಾನೆ, ಮೊಬೈಲನ್ನು ಕಿಸೆಗೆ ಇಳಿಬಿಡುತ್ತಾನೆ.

"ದೊಡ್ಡಪ್ಪಾ, ನಡೀರಿ. ಹೊಲದ ಕಡೆ ಹೋಗಿ ಬರೂಣು" ಎಂದು ಎದ್ದು ನಿಲ್ಲುತ್ತಾನೆ.

ಇಬ್ಬರೂ ಓಣಿಯಲ್ಲಿ ನಡೆದು ಹೋಗುವುದನ್ನು ನೋಡುತ್ತ ಕೂತಿದ್ದೇನೆ. ಒಳಗಿನ ಹೆಂಗಸರಿಗೆ ಅನುಕೂಲವಾಗಲಿ ಎಂದು ಮುದುಕರನ್ನು ಎಬ್ಬಿಸಿಕೊಂಡು ಹೋದನೇ? ಹೊಲದಲ್ಲಿ ಯಾರೂ ಇಲ್ಲದ ಕಡೆ ಹೇಳಲು ಕರೆದುಕೊಂಡು ಹೋದನೇ? ನನಗೆ ತಿಳಿಯಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ತಿಳಿದಿಲ್ಲ.

ಆರೂಮುಕ್ಕಾಲಿಗೆ ಸಿದ್ದಲಿಂಗವ್ವ ಹೊರಬರುತ್ತಾರೆ. ಕಣ್ಣು ಕೆಂಪಾಗಿವೆ, ಹೊಗೆಯಿಂದ ಎನ್ನುತ್ತಾರೆ. ಚೀಲವನ್ನು ಎದೆಗೆ ಅವಚಿಕೊಂಡಿದ್ದಾರೆ. ಊರ ಹೊರಗಿನ ಬಸ್ಸಿನ ನಿಲ್ದಾಣಕ್ಕೆ ನಡೆಯುತ್ತೇವೆ. ನಿಂಗರಾಜ ಹೇಳಿದ್ದನ್ನು, ಎದ್ದು ಹೋದದ್ದನ್ನು ನಾನು ವರದಿ ಒಪ್ಪಿಸುತ್ತೇನೆ. ಅವರು ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾರೆ.

"ನನ್ನ ತಪ್ಪು ತಂಗಿ ಅಂತ ಎಲ್ಲಾ ಹೇಳಿದ್ನಿರಿ" ಎನ್ನುತ್ತಾರೆ ಕೊನೆಗೆ. "ಬೈತಾಳ ಅಂದ್ಕೊಂಡಿದ್ದೆ. ಬೈಲಿಲ್ಲ. ಹಿಟ್ಟಿನ ಕೈಲೇ ಡಬ್ಬ್ಯಾಗಿಂದ ಫೋನ್ ತಗದು ನನ್ನ ಉಡಿಯೊಳಗ ಹಾಕಿದ್ಲು. ಮನಿಯೊಳಗ ಸಿಗಲಿಲ್ಲಂದ್ರ ಯಾರ ಏನ ಹೇಳಿದ್ರೂ ಸುಳ್ಳ ಆಕ್ಕೈತಿ ಅಂದ್ಲು. ನಾ ಹೇಳಿ ಕಳಸೂ ತನಕ ನೀವ ಇಟ್ಕೋರಿ ಅಂದ್ಲು. ಇವತ್ತ ಎಂಟಕ್ಕ ಅಕ್ಕ ಫೋನ್ ಮಾಡತಾಳ, ನೀವ ಮಾತಾಡ್ರಿ, ಇನ್ನ ಮಾಡಬ್ಯಾಡ ಅಂತ ಹೇಳ್ರಿ ಅಂದ್ಲು."

ಬೈಲಹೊಂಗಲದ ಬಸ್ಸು ಬರುತ್ತದೆ, ಹೋಗುತ್ತದೆ. ನಾವು ಹತ್ತುವುದಿಲ್ಲ. ಬಸ್ಸಿನ ಗದ್ದಲದಲ್ಲಿ ಈ ಮಾತು ಬೇಡ ಎನ್ನುತ್ತಾರೆ. ಮುಂದೇನು ಆಸೆ ಎಂದು ಕೇಳುತ್ತೇನೆ, ಇಂಥ ಲೇಖನಕ್ಕೆ ಕೊನೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. "ನಾಗರ ಪಂಚಮಿ ಒಳಗ ಆಕಿ ಫೋನ್ ಆಕಿ ಕೈಗೆ ಮುಟ್ಟಬೇಕ್ರಿ. ಮತ್ತೇನ ಕೇಳಲಿ?" ಎನ್ನುತ್ತಾರೆ. ಷರಾ ಬರೆಯುವುದನ್ನು ಬಿಟ್ಟಿದ್ದಾರಂತೆ. ಆಮೇಲೆ ಬರುವವರಿಗೆ ತಾವೇ ಜತೆಗೆ ಹೋಗಿ ಮನೆ ತೋರಿಸುತ್ತಾರಂತೆ, ಮಂಡಿ ನಡೆಸಿದಷ್ಟು ದಿನ.

ಎಂಟಕ್ಕೆ ಚೀಲ ನಡುಗುತ್ತದೆ. ಸಿದ್ದಲಿಂಗವ್ವ ಹಿಟ್ಟು ಹತ್ತಿದ ಆ ಸಣ್ಣ ಫೋನನ್ನು ತೆಗೆದು, ಸೆರಗಿನಿಂದ ಒರೆಸಿ, ಕಿವಿಗೆ ಹಿಡಿಯುತ್ತಾರೆ.

"ನಾ ಆಕಿ ಅಲ್ರಿ... ಅಂಜಬ್ಯಾಡ್ರಿ, ಆಕೀಗೆ ಏನೂ ಆಗಿಲ್ಲ. ಆಕೀನ ಕೊಟ್ಟ ಕಳಿಸ್ಯಾಳ. ಈಗ ನೋಡಿ ಬಂದೆ."

ಹೇಳಬೇಕಾದ್ದನ್ನು ಹೇಳುತ್ತಾರೆ. ಆಮೇಲೆ ಆ ಕಡೆಯಿಂದ ಪ್ರಶ್ನೆಗಳು ಶುರುವಾಗುತ್ತವೆ. ಸಣ್ಣ ಫೋನು, ದನಿ ಹೊರಗೂ ಕೇಳುತ್ತದೆ. ನಾಲ್ಕು ವರ್ಷದಿಂದ ತಂಗಿಯ ಮುಖ ನೋಡದ ಅಕ್ಕ ಒಂದೊಂದಾಗಿ ಕೇಳುತ್ತಾಳೆ. ತೆಳ್ಳಗಾಗ್ಯಾಳೇನ್ರಿ? ಕೂದಲ ಹಂಗ ಉದ್ದ ಅದಾವೇನ್ರಿ? ಇವತ್ತ ಯಾವ ಸೀರಿ ಉಟ್ಟಿದ್ಲು? ಕೈಯಾಗ ಬಳಿ ಎಷ್ಟ ಅದಾವು? ಸಿದ್ದಲಿಂಗವ್ವ ಒಂದನ್ನೂ ಬಿಡದೆ ಉತ್ತರ ಕೊಡುತ್ತಾರೆ. ಹಸಿರು ಸೀರೆ, ಅಂಚು ಹಳದಿ. ಬಲಗೈಗೆ ಐದು ಬಳೆ, ಎಡಗೈಗೆ ಆರು. ಜಡೆ ಸೊಂಟದ ಕೆಳಗೆ. ಹೆಬ್ಬೆರಳಿಗೆ ಹೆಂಚು ತಾಗಿದ ಸುಟ್ಟ ಗಾಯ, ಒಣಗುತ್ತಾ ಬಂದಿದೆ. ನಾನು ಎದ್ದು ಸ್ವಲ್ಪ ದೂರ ಹೋಗಿ ನಿಲ್ಲುತ್ತೇನೆ, ಆದರೂ ಕೊನೆಯ ಪ್ರಶ್ನೆ ಕಿವಿಗೆ ಬೀಳುತ್ತದೆ.

"ಫೋನ್ ಕೊಡೂ ಮುಂದ ಅತ್ಲೇನ್ರಿ?"

"ಇಲ್ಲಾ. ನಕ್ಕೋತ ಕೊಟ್ಲು."

ಫೋನು ಆರಿಸಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ. ನಾನು ಹತ್ತಿರ ಬಂದಾಗ ತಲೆ ಎತ್ತುವುದಿಲ್ಲ.

"ಹದಿನೆಂಟ ವರ್ಷದಾಗ ಯಾರ ಉತ್ತರಾನೂ ನಾ ತಿದ್ದಿಲ್ರಿ" ಎನ್ನುತ್ತಾರೆ. "ಇವತ್ತ ಒಂದು ತಿದ್ದಿದೆ. ಇದನ್ನ ಬರಕೋರಿ."